ಸ್ಲ್ಯಾಬ್ ಹಾಕುವ ದಿನ ಒಮ್ಮೆ ಬನ್ನಿ, ಸಾಹೇಬರೇ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೊಲ್ಲಾಪುರ

ಕಬನೂರಿನಿಂದ ಬರೆಯುತ್ತಿದ್ದೇನೆ. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ಇಲ್ಲಿ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇಷ್ಟೇ: ಯಾರ ಜೀವದ ಮಾತು ಇದರಲ್ಲಿದೆಯೋ ಅವರಲ್ಲಿ ಬಹಳ ಮಂದಿ ವಿಜಯಪುರ, ಇಂಡಿ, ಜತ್ತದ ಕಡೆಯಿಂದ ಬಂದವರು. ಅವರಿಗೂ ಇದು ತಿಳಿಯಬೇಕು.

ನಮ್ಮ ಕಡೆ ಕಟ್ಟಡ ಅಂದರೆ ಮುಂಬೈಯ ಮೂವತ್ತು ಮಹಡಿಯದಲ್ಲ. ಕೆಳಗೆ ಮಗ್ಗದ ಶೆಡ್ಡು, ಮೇಲೆ ಮನೆ, ಅದರ ಮೇಲೆ ಬಾಡಿಗೆಗೆಂದು ಇನ್ನೆರಡು ಖೋಲಿ. ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾದ ಮೇಲಂತೂ ಅದಕ್ಕೆ ಅಂಟಿಕೊಂಡ ನಮ್ಮೂರಿನ ಜಾಗಕ್ಕೆ ಎಲ್ಲಿಲ್ಲದ ಬೆಲೆ ಬಂದಿದೆ. ಕಟ್ಟಲಿ, ಊರು ಬೆಳೆಯಲಿ. ನನ್ನ ತಕರಾರು ಕಟ್ಟುವುದರ ಬಗ್ಗೆ ಅಲ್ಲ, ಕಟ್ಟುವವರು ನಿಲ್ಲುವ ಜಾಗದ ಬಗ್ಗೆ.

ಸ್ಲ್ಯಾಬಿನ ಕೆಳಗೆ ಹೋಗಿ ನೋಡಿದರೆ ಸೆಂಟ್ರಿಂಗಿನ ಗಳಗಳು ನಿಂತಿರುವುದು ಹಸಿ ಎರೆಮಣ್ಣಿನ ಮೇಲೆ. ಉದ್ದ ಸಾಲದ ಕಡೆ ಗಳದ ಬುಡಕ್ಕೆ ಇಟ್ಟಿಗೆಯ ಚೂರು ತುರುಕಿರುತ್ತಾರೆ. ಪಂಚಗಂಗೆಯ ಈ ಬಯಲಿನ ಕರಿಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬಿ ಸಡಿಲಾಗುತ್ತದೆ ಎಂಬುದು ಹೊಲದಲ್ಲಿ ಎತ್ತು ಹೊಡೆದವರಿಗೆಲ್ಲ ಗೊತ್ತು. ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಆ ಇಟ್ಟಿಗೆ ಚೂರು ಎಷ್ಟು ಇಳಿದಿದೆ ಎಂದು ಬಗ್ಗಿ ನೋಡುವವರಿಲ್ಲ. ಮೇಲೆ ಮಾತ್ರ ಟನ್ನುಗಟ್ಟಲೆ ಹಸಿ ಕಾಂಕ್ರೀಟು, ಅದರ ಮೇಲೆ ಇಪ್ಪತ್ತು ಜನ.

ಇನ್ನು ಸೆಂಟ್ರಿಂಗ್ ಬಿಚ್ಚುವ ಅವಸರ. ಭಾರತೀಯ ಮಾನಕ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ ಆಧಾರದ ಗಳಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲವಾದರೆ 14 ದಿನ. ಮಗ್ಗ ಕೂರಿಸಲು ನಡುವೆ ಕಂಬ ಬೇಡವೆಂದು ನಮ್ಮ ಶೆಡ್ಡುಗಳನ್ನು ಅಗಲವಾಗಿಯೇ ಕಟ್ಟುವುದು. ಆದರೆ ತಗಡು, ಗಳ ಎಲ್ಲ ಬಾಡಿಗೆಯ ಸಾಮಾನು. ಮುಂದಿನ ಸೈಟಿನವನು ಫೋನ್ ಮಾಡಿದನೆಂದರೆ ಹದಿನಾಲ್ಕು ದಿನದ ಲೆಕ್ಕ ಯಾರಿಗೂ ನೆನಪಿರುವುದಿಲ್ಲ.

ವಿದ್ಯುತ್ ತಂತಿಯದು ಇನ್ನೊಂದು ಕಥೆ. ಓಣಿಯಲ್ಲಿ ಹಾದುಹೋಗುವ 11 ಕೆವಿ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ 1.2 ಮೀಟರ್ ಅಂತರ ಬೇಕೆಂಬ ನಿಯಮವಿದೆ. ಬಾಲ್ಕನಿ ಮುಂದೆ ಚಾಚಿ ಅದನ್ನು ತಿಂದುಹಾಕುವವರನ್ನು ಬಿಟ್ಟುಬಿಡಿ. ಅಂತರ ಸರಿಯಾಗಿ ಬಿಟ್ಟ ಕಡೆಯೂ ಗಂಡಾಂತರ ತಪ್ಪಿಲ್ಲ. ಆ 1.2 ಮೀಟರು ಗೋಡೆಗೆ ಸಾಕು. ಲಾರಿಯಿಂದ ಇಳಿಯುವ ಕಬ್ಬಿಣದ ಸರಳಿನ ಉದ್ದ 12 ಮೀಟರ್, ಅದನ್ನು ರಸ್ತೆಯಿಂದ ಮೂರನೇ ಮಹಡಿಗೆ ಕೈಯಿಂದ ಕೈಗೆ ನೆಟ್ಟಗೆ ಎತ್ತುತ್ತಾರೆ. ಮೇಲಿನ ತುದಿ ಹಿಡಿಯುವ ಹುಡುಗ ಬರಿಗಾಲಲ್ಲಿ ನಿಂತಿರುತ್ತಾನೆ. ಸರಳು ಏರಿಸುವ ಒಂದು ತಾಸಾದರೂ ಲೈನ್ ಬಂದ್ ಮಾಡಿಸಲು ವಿದ್ಯುತ್ ಕಂಪನಿ ಮಹಾವಿತರಣದವರಿಗೆ ಒಂದು ಅರ್ಜಿ ಕೊಡುವ ರೂಢಿ ನಮ್ಮಲ್ಲಿ ಬಂದೇ ಇಲ್ಲ.

ಲಿಫ್ಟಿಗೆಂದು ಬಿಟ್ಟ ಹೊಂಡಕ್ಕೆ ಅಡ್ಡ ಒಂದು ಹಲಗೆ ಇಲ್ಲ. ಸಾರುವೆಗೆ ತೆಂಗಿನ ಹುರಿ ಕಟ್ಟಿರುತ್ತಾರೆ, ಮಳೆಗಾಲ ಕಳೆದರೂ ಅದೇ ಹುರಿ. ಸುರಕ್ಷಾ ಬೆಲ್ಟಿನ ಬಗ್ಗೆ ಕೇಳಿದರೆ ಗೌಂಡಿಯೊಬ್ಬ ನಗುತ್ತಾ, “ಬೆಲ್ಟ್ ಕಟಗೊಂಡ್ರ ಕೈ ಆಡಂಗಿಲ್ರಿ” ಅಂದ. ಅವನ ಮಾತು ಸುಳ್ಳಲ್ಲ. ಬೆಲ್ಟಿನ ಹಗ್ಗವನ್ನು ಕಟ್ಟಲು ಅಲ್ಲಿ ಗಟ್ಟಿಯಾದ ಒಂದು ಆಧಾರವೂ ಇರಲಿಲ್ಲ.

ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಸುರಕ್ಷಾ ಕಿಟ್ ಕೊಡುತ್ತದೆ, ನಿಜ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು. ಎರಡು ತಿಂಗಳಿಗೊಂದು ಊರು, ಮೂರು ತಿಂಗಳಿಗೊಬ್ಬ ಮುಕಾದಮ ಎಂದು ಅಲೆಯುವವರಿಗೆ ಆ ದಾಖಲೆ ಬರೆದುಕೊಡುವವರು ಯಾರು? ಕಿಟ್ ಸಿಕ್ಕವರ ಮನೆಯಲ್ಲಿ ಹೆಲ್ಮೆಟ್ ಟ್ರಂಕಿನೊಳಗಿದೆ, ಅದಂತೂ ಬಹಳ ಸುರಕ್ಷಿತವಾಗಿದೆ! ಕೆಲಸದ ಮೇಲೆ ಸತ್ತ ನೋಂದಾಯಿತನ ವಾರಸುದಾರರಿಗೆ 5 ಲಕ್ಷ ರೂಪಾಯಿಯ ನೆರವೂ ಇದೆ. ಅದನ್ನು ಹಗುರಾಗಿ ಕಾಣುತ್ತಿಲ್ಲ, ಆದರೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಂತೆ ಉಪಕರ ಎತ್ತುವ ವ್ಯವಸ್ಥೆಗೆ ಅವನು ಬೀಳುವುದಕ್ಕೆ ಮೊದಲು ಮಾಡುವ ಕೆಲಸವೂ ಇರಬೇಕಲ್ಲ.

ಗುತ್ತಿಗೆದಾರರ ಹತ್ತಿರ ಒಂದು ಸಿದ್ಧ ಉತ್ತರವಿದೆ: “ನಮ್ಮದು ಆರು ಮಂದಿಯ ಸಣ್ಣ ಕೆಲಸ, ಕಾನೂನು ಹತ್ತು ಮಂದಿಗೆ.” 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಹತ್ತು ಎಂದಿದ್ದದ್ದು ಹೌದು. ಅದರ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಮಂದಿ ದುಡಿದಿದ್ದರೂ ಸಾಕು ಎಂದೂ ಇತ್ತು. ಸ್ಲ್ಯಾಬಿನ ದಿನ ಮಿಕ್ಸರ್‌ನವರು, ಬುಟ್ಟಿ ಹೊರುವ ಹೆಂಗಸರು, ಸೆಂಟ್ರಿಂಗಿನವರು ಸೇರಿ ಇಪ್ಪತ್ತೈದು ತಲೆ ಮೀರುತ್ತವೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದರೂ ಹತ್ತರ ಗೆರೆ ಹೋಗಿಲ್ಲ. ಆ ಗೆರೆಯನ್ನು ಸ್ಲ್ಯಾಬಿನ ದಿನದ ತಲೆ ಎಣಿಸಿಯೇ ಎಳೆಯಬೇಕೆಂದು ತಮ್ಮ ಕಾರ್ಮಿಕ ಕಚೇರಿಗೆ ಹೇಳಬೇಕು.

ಧಾರವಾಡದ ಕುಮಾರೇಶ್ವರ ನಗರ ನೆನಪಿರಬಹುದು. 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಸಂಕೀರ್ಣ ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳಲ್ಲಿ ವ್ಯಾಪಾರ ನಡೆದಿತ್ತು, ಮೇಲೆ ಕೆಲಸ ಸಾಗಿತ್ತು. ನಮ್ಮೂರಿನಲ್ಲಿ ಕೆಳಗೆ ನಡೆಯುವುದು ಮಗ್ಗ. ಹಗಲೂ ರಾತ್ರಿ ನೆಲ ಅದುರುತ್ತಿರುವಾಗಲೇ ತಲೆಯ ಮೇಲೆ ಹೊಸ ಮಹಡಿ ಏರುತ್ತದೆ. ಹಳೆಯ ಕಂಬ ಹೊಸ ಭಾರ ತಡೆಯುವುದೇ ಎಂದು ಕೇಳಿದರೆ ಮಾಲೀಕರು ಕಂಬವನ್ನು ಅಂಗೈಯಿಂದ ತಟ್ಟಿ ತೋರಿಸುತ್ತಾರೆ. ಇಂಜಿನಿಯರರ ಕಾಗದ ತೋರಿಸಿದವರನ್ನು ನಾನು ಕಂಡಿಲ್ಲ.

ಆದ್ದರಿಂದ ಮುಖ್ಯ ಬೇಡಿಕೆ ಒಂದೇ. ಈಗಿನ ಪದ್ಧತಿಯಲ್ಲಿ ಪ್ಲಿಂತ್ ಮಟ್ಟದಲ್ಲಿ ಒಂದು ತಪಾಸಣೆ, ಎಲ್ಲ ಮುಗಿದ ಮೇಲೆ ವಾಸಕ್ಕೆ ಒಪ್ಪಿಗೆ ಕೊಡುವ ಭೋಗವಟಾ ಪತ್ರಕ್ಕೆ ಇನ್ನೊಂದು. ಪ್ಲಿಂತಿನಿಂದ ಬಿದ್ದು ಯಾರೂ ಸಾಯುವುದಿಲ್ಲ, ಭೋಗವಟಾ ಪತ್ರ ಬರುವ ಹೊತ್ತಿಗೆ ಗೌಂಡಿ ಊರು ಬಿಟ್ಟಿರುತ್ತಾನೆ. ಜನ ಬೀಳುವುದು ಈ ಎರಡರ ನಡುವೆ. ಹಾತಕಣಂಗಲೆ ತಾಲೂಕಿನಲ್ಲಿ ಎರಡನೇ ಮಹಡಿಯಿಂದ ಮೇಲಿನ ಪ್ರತಿ ಸ್ಲ್ಯಾಬಿಗೂ ಎರಡು ದಿನ ಮೊದಲೇ ಪಂಚಾಯಿತಿಗೆ ತಿಳಿಸಬೇಕು, ಗಳ, ತಂತಿ, ಹೊಂಡ, ಸಾರುವೆ ನೋಡಿ ಒಬ್ಬ ಇಂಜಿನಿಯರ್ ಸಹಿ ಹಾಕಿದ ಮೇಲೆಯೇ ಮಿಕ್ಸರ್ ತಿರುಗಬೇಕು ಎಂದು ಆದೇಶಿಸಿ. ಸಹಿ ಹಾಕುವವರಿಗೆ ಕೆಲಸ ನಿಲ್ಲಿಸುವ ಅಧಿಕಾರವೂ ಇರಲಿ, ಇಲ್ಲವಾದರೆ ಅವರು ಚಹಾ ಕುಡಿದು ಹೋಗುತ್ತಾರೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ತಾವೇ. ಮಹಾಪೂರ ಬರುವ ಮೊದಲೇ ಊರು ಖಾಲಿ ಮಾಡಿಸುವ ಆಡಳಿತಕ್ಕೆ ಇದು ದೊಡ್ಡದಲ್ಲ.

ಸೈಟಿನ ಫಲಕ ಮರಾಠಿಯ ಜೊತೆ ಕನ್ನಡದಲ್ಲೂ ಇರಲಿ. ಓದಲು ಬಾರದವರೂ ಇದ್ದಾರೆ, ಅವರಿಗಾಗಿ ಚಿತ್ರ ಬರೆಸಿ.

ಮಳೆಗಾಲಕ್ಕೆ ಮುಂಚೆ ಸ್ಲ್ಯಾಬ್ ಮುಗಿಸುವ ಗಡಿಬಿಡಿ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಜೋರು. ಆದೇಶ ಅದಕ್ಕೆ ಮೊದಲು ಹೊರಡಬೇಕು. ತಾವೇ ಒಮ್ಮೆ ಬರುವುದಾದರೆ ಬೆಳಿಗ್ಗೆ ಎಂಟಕ್ಕೆ ಮುಂಚೆ ಬನ್ನಿ, ಮುನ್ಸೂಚನೆ ಮಾತ್ರ ಕೊಡಬೇಡಿ.

ತಮ್ಮ ವಿಶ್ವಾಸಿ,
ಕಬನೂರಿನ ಒಬ್ಬ ನಿವಾಸಿ