ಬಿದ್ದದ್ದು ನಮ್ಮ ಗೋಡೆ, ಅಳತೆ ಟೇಪು ಅವರ ಕೈಲಿ!

ತಿಳವಳ್ಳಿಯ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ! ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಯ ಬಂಧುಗಳೇ!

ಮಳೆಗಾಲ ಬಂತು. ನಮ್ಮ ನಿದ್ದೆ ಹೋಯಿತು. ಮಣ್ಣಿನ ಗೋಡೆ ನೀರು ಕುಡಿದು ಉಬ್ಬಿದೆ. ಜಂತಿ ಕಿರ್ ಎಂದರೆ ಸಾಕು, ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡುವವರು ನಾವು. ತಾಡಪತ್ರಿ ಹೊದ್ದು ಅಂಗಳದಲ್ಲಿ ಬೆಳಗು ಮಾಡುವವರು ನಾವು!

2024ರ ಜುಲೈ. ಸವಣೂರು ತಾಲ್ಲೂಕಿನ ಮಾದಾಪುರ. ಮಳೆಗೆ ನೆನೆದ ಮನೆ ಒಳಗಿದ್ದವರ ಮೇಲೆಯೇ ಕುಸಿಯಿತು. ಒಬ್ಬ ಹೆಣ್ಣುಮಗಳು ಸತ್ತಳು. ಅವಳಿ ಕೂಸುಗಳೆರಡು ಸತ್ತವು. ಹೆಣ ಬಿದ್ದ ಮನೆಯ ಮುಂದೆ ಕಾರುಗಳು ನಿಲ್ಲುತ್ತವೆ. ಬರೀ ಗೋಡೆ ಬಿದ್ದ ಮನೆಗೆ ಯಾರು ಬರುತ್ತಾರೆ?

ಬರುತ್ತಾರೆ. ಸರಕಾರದ ಪರಿಹಾರವಾದರೆ ಗ್ರಾಮ ಆಡಳಿತಾಧಿಕಾರಿ ಬರುತ್ತಾರೆ, ನಮ್ಮ ಬಾಯಲ್ಲಿ ಇನ್ನೂ ತಲಾಟಿಯೇ. ಜೊತೆಗೆ ಒಬ್ಬ ಎಂಜಿನಿಯರು. ವಿಮೆ ಇದ್ದರೆ ಕಂಪನಿಯ ಸರ್ವೇಯರು. ಮೊಬೈಲಿನಲ್ಲಿ ನಾಲ್ಕು ಫೋಟೊ, ಒಂದು ಹಾಳೆ, ಒಂದು ಸಹಿ. ಹೋದರು! ಸರಕಾರದ ಕಡೆ ಎಂಜಿನಿಯರು ಇದ್ದಾನೆ. ಕಂಪನಿಯ ಕಡೆ ಸರ್ವೇಯರು ಇದ್ದಾನೆ. ನಿಮ್ಮ ಕಡೆ ಯಾರಿದ್ದಾರೆ?

ಆ ಹಾಳೆಯ ಬೆಲೆ ಎಷ್ಟು ಗೊತ್ತೇ? ವಿಪತ್ತು ಪರಿಹಾರ ನಿಧಿಯ 2022-26ರ ದರಪಟ್ಟಿ ನೋಡಿ. ಮನೆ ಪೂರ್ತಿ ಬಿದ್ದಿದೆ ಎಂದು ಬರೆದರೆ 1,20,000 ರೂಪಾಯಿ. ಭಾಗಶಃ ಎಂದು ಬರೆದರೆ ಪಕ್ಕಾ ಮನೆಗೆ 6,500! ಕಚ್ಚಾ ಮನೆಗೆ 4,000! ಹಾನಿ ನೂರಕ್ಕೆ ಹದಿನೈದು ಮುಟ್ಟಿಲ್ಲ ಎಂದರೆ ಸೊನ್ನೆ! ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000. ನಾಲ್ಕು ಸಾವಿರಕ್ಕೆ ಯಾವ ಗೋಡೆ ಎದ್ದೀತು? ಗೌಂಡಿಯ ಕೂಲಿಗೇ ಸಾಲದು!

2019 ನೆನಪಿದೆಯೇ? ಆ ಆಗಸ್ಟಿನ ನೆರೆ ಮರೆಯುವಂಥದ್ದೇ? ಆಗ ರಾಜ್ಯ ಸರಕಾರ ಬಿದ್ದ ಮನೆಗಳನ್ನು ಹಾನಿ ಎಷ್ಟೆಂದು ನೋಡಿ ಎ, ಬಿ, ಸಿ ಎಂದು ವಿಂಗಡಿಸಿತು. ‘ಎ’ಗೆ 5 ಲಕ್ಷ, ‘ಸಿ’ಗೆ 50 ಸಾವಿರ. ಒಂದು ಅಕ್ಷರಕ್ಕೆ ನಾಲ್ಕೂವರೆ ಲಕ್ಷದ ಅಂತರ! ಆ ಅಕ್ಷರ ಬರೆಯುವ ಹೊತ್ತಿಗೆ ನಾವೆಲ್ಲಿದ್ದೆವು? ಕೆಸರಲ್ಲಿ ಜೋಳದ ಚೀಲ ಹುಡುಕುತ್ತಿದ್ದೆವು!

ಯಾರಿಗೆ ಪೆಟ್ಟು ಹೆಚ್ಚು? ಒಂಟಿ ಹೆಣ್ಣುಮಕ್ಕಳಿಗೆ. ಗಂಡ ಸತ್ತಿದ್ದಾನೆ, ಉತಾರದಲ್ಲಿ ಮಾವನ ಹೆಸರೇ ಇದೆ, ಮಾವನೂ ಸತ್ತು ವರ್ಷಗಳಾದವು. “ಹೆಸರು ನಿಮ್ಮದಲ್ಲ, ನಾಳೆ ಬರ್ರಿ.” ಕೂಲಿಗೆ ಹೋಗುವವರಿಗೆ. ತಾಲ್ಲೂಕಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ರೊಕ್ಕ ಬೇರೆ. ಮಗ ಬೆಂಗಳೂರಿಗೆ ದುಡಿಯಲು ಹೋಗಿ, ಮನೆಯಲ್ಲಿ ಮುದುಕರಿಬ್ಬರೇ ಉಳಿದವರಿಗೆ. ಇವರ ಕೈಲಿ ಅರ್ಜಿ ಬರೆಯಲಾಗದು, ಗದರಿಸಿ ಕೇಳಲಾಗದು. ಇವರಿಗೇ ಮೊದಲು ಬಾಗಿಲು ಮುಚ್ಚುತ್ತದೆ!

“ನಮಗೆಲ್ಲಿ ವಿಮೆ?” ಅನ್ನಬೇಡಿ! ಮನೆ ಸಾಲ ತೆಗೆದಿದ್ದೀರಾ? ಪಾಸ್‌ಬುಕ್ಕು ತೆರೆಯಿರಿ. ಸಾಲ ಕೊಟ್ಟ ದಿನವೇ ವಿಮೆಯ ಕಂತು ಕಡಿದಿರಬಹುದು. ಪಾಲಿಸಿ ಕಾಗದ ನಿಮ್ಮ ಕೈಗೆ ಬಂದಿರಲಿಕ್ಕಿಲ್ಲ. ಹೋಗಿ ಕೇಳಿ: ಈ ವಿಮೆ ನನ್ನ ಜೀವಕ್ಕೋ, ನನ್ನ ಮನೆಗೋ? ಜೀವಕ್ಕಾದರೆ ಬಿದ್ದ ಗೋಡೆಗೆ ಬಿಡಿಗಾಸು ಸಿಗದು. ಮನೆಗಾದರೆ ಅದು ನಿಮ್ಮ ಹಕ್ಕು! 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ನೆರೆ, ಬಿರುಗಾಳಿ, ಸಿಡಿಲು, ಬೆಂಕಿ ಎಲ್ಲ ಅದರಲ್ಲಿವೆ. ಮನೆಯೊಳಗಿನ ಸಾಮಾನಿಗೂ ಅದರಲ್ಲಿ ಪಾಲಿದೆ.

ಆದರೆ ಸರ್ವೇಯರು ಬಂದು ಏನಂತಾನೆ? “ಇದು ಮಳಿಗೆ ಬಿದ್ದದ್ದಲ್ಲ, ಹಳೇ ಗೋಡಿ ಬಿಡ್ರಿ. ಮೊದ್ಲ ಬಿರುಕು ಇತ್ತು.” ನಾವು ತಲೆ ತಗ್ಗಿಸುತ್ತೇವೆ. ತಗ್ಗಿಸಬೇಡಿ! ಆ ಗೋಡೆ ಎಷ್ಟು ಮಳೆಗಾಲ ನಿಂತಿತ್ತು ಎಂದು ಕೇಳಿ! ಸರ್ವೇಯರ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ. ವರದಿಯ ನಕಲು ಕೇಳಿ. ಬಾಯಲ್ಲಿ ಕೇಳಿದರೆ ಗಾಳಿಗೆ ಹೋಗುತ್ತದೆ, ಬರೆದು ಕೇಳಿ. ನಿಮ್ಮ ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ.

ಇನ್ನೊಬ್ಬನಿದ್ದಾನೆ, ದಲ್ಲಾಳಿ! ತಹಶೀಲ್ದಾರ ಕಚೇರಿಯ ಹೊರಗೆ, ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಮಾತು ಬಹಳ ಸಿಹಿ. “ಬಂದದ್ರಾಗ ಅರ್ಧ ನನಗ, ಉಳಿದದ್ದು ನಿಮಗ.” ಖಾಲಿ ಹಾಳೆಗೆ ಸಹಿ ಕೇಳುತ್ತಾನೆ, ಆಧಾರ್ ನಕಲು ಕೇಳುತ್ತಾನೆ. ಬಿದ್ದ ಮನೆಯ ಜಂತಿ ಕದಿಯುವ ಕಳ್ಳನಿಗೂ ಇವನಿಗೂ ಏನು ಫರಕು? ಒಂದು ಸಹಿಯನ್ನೂ ಕೊಡಬೇಡಿ!

ನಮಗೆ ಬೇಕಾದದ್ದು ಕೆಲಸ ಬಲ್ಲವರ ನೆರವು. ಅಮೆರಿಕದಲ್ಲಿ ಮನೆಯವರ ಪರ ನಿಂತು ಹಾನಿ ಲೆಕ್ಕ ಹಾಕಲೆಂದೇ ಪರವಾನಗಿ ಪಡೆದವರಿದ್ದಾರೆ. ನಮ್ಮೂರಲ್ಲಿ ಅಂಥವರನ್ನು ನಾವೇ ಹೊಂದಿಸಬೇಕು. ಹೊಂದಿಸಬಹುದು!

ವಕೀಲರು ಬೇಕೇ? ಬಿಟ್ಟಿ ಸಿಗುತ್ತಾರೆ! 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ನೆರೆಗೆ ಸಿಕ್ಕವರನ್ನು ಹೆಸರಿಟ್ಟೇ ಹೇಳಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಿ. 15100ಕ್ಕೆ ಫೋನು ಮಾಡಿ. ಇದು ಯಾರ ಭಿಕ್ಷೆಯೂ ಅಲ್ಲ!

ಎಂಜಿನಿಯರು ಬೇಕೇ? ಒಬ್ಬೊಬ್ಬರೇ ಕರೆಸಿದರೆ ಕೈ ಸುಡುತ್ತದೆ. ಓಣಿಯವರೆಲ್ಲ ಸೇರಿ ಒಬ್ಬರನ್ನು ಕರೆಸೋಣ, ಒಂದೇ ದಿನ ಎಲ್ಲ ಮನೆ ಅಳೆಸೋಣ. ಫೀ ಎಷ್ಟೆಂದು ಮೊದಲೇ ಮಾತಾಡೋಣ. ಬಂದ ಪರಿಹಾರದಲ್ಲಿ ಪಾಲು ಕೇಳಿದರೆ ಅಲ್ಲಿಂದಲೇ ಕಳಿಸೋಣ. ಯಾವ ಗೋಡೆ, ಎಷ್ಟು ಉದ್ದ, ಮತ್ತೆ ಕಟ್ಟಲು ಎಷ್ಟು ಖರ್ಚು, ಇವಿಷ್ಟೂ ಅವರ ಸಹಿಯೊಡನೆ ಒಂದು ಹಾಳೆಯಲ್ಲಿ ಇರಲಿ. ಆ ಹಾಳೆ ಕೈಲಿದ್ದರೆ “ಭಾಗಶಃ” ಎಂದು ಬರೆಯುವವನ ಪೆನ್ನು ಒಮ್ಮೆ ನಿಲ್ಲುತ್ತದೆ!

ವಿಮೆ ಕಂಪನಿ ಒಲ್ಲೆ ಎಂದಿತೇ? ಕಂಪನಿಗೆ ಬರೆದು ದೂರು ಕೊಡಿ. ಒಂದು ತಿಂಗಳು ಕಾದು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವರ್ಷ ದಾಟಿಸಬೇಡಿ. ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಿ. ಅಲ್ಲಿ ನೋಡುವುದು ನೀವು ಕಟ್ಟಿದ ಕಂತನ್ನು. ಅದು 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ನಮ್ಮಲ್ಲಿ ಅಷ್ಟು ಕಂತು ಕಟ್ಟಿದವರು ಯಾರಿದ್ದಾರೆ!

ಮತ್ತೆ ಒಂದು ಮಾತು, ಕೈ ಮುಗಿದು ಹೇಳುತ್ತೇವೆ. ಗೋಡೆ ಬಿದ್ದ ಕೂಡಲೇ ಮಣ್ಣು ಬಳಿದು ಹಾಕಬೇಡಿ! ಮಕ್ಕಳು ಮಲಗಲು ಜಾಗ ಬೇಕು, ನಮಗೂ ಗೊತ್ತು. ಆದರೂ ಮೊದಲು ಫೋಟೊ ತೆಗೆಯಿರಿ. ಒಳಗಿಂದ, ಹೊರಗಿಂದ, ಬಿದ್ದ ತೊಲೆ, ಒಡೆದ ಹಂಚು, ನೆನೆದ ಕಾಳು, ಎಲ್ಲ! ನೆರೆಮನೆಯ ಇಬ್ಬರನ್ನು ನಿಲ್ಲಿಸಿ ವಿಡಿಯೊ ಮಾಡಿ. ಅವತ್ತೇ ಪಂಚಾಯ್ತಿಗೂ ತಹಶೀಲ್ದಾರರಿಗೂ ಅರ್ಜಿ ಕೊಡಿ. ವಿಮೆ ಇದ್ದರೆ ಅವತ್ತೇ ಕಂಪನಿಗೂ ತಿಳಿಸಿ. ಪಂಚನಾಮೆ ಓದದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ತಪ್ಪು ಬರೆದಿದ್ದರೆ “ಒಪ್ಪಿಗೆ ಇಲ್ಲ” ಎಂದು ಅದರ ಮೇಲೆಯೇ ಬರೆಸಿ!

ಬರುವ ಸೋಮವಾರ ಮುಂಜಾನೆ ಹತ್ತಕ್ಕೆ ತಿಳವಳ್ಳಿಯ ಶಾಂತೇಶ್ವರ ಗುಡಿಯ ಮುಂದೆ ಸೇರೋಣ. ಗೋಡೆ ಬಿದ್ದವರು ಬನ್ನಿ. ಬಿರುಕು ಬಿಟ್ಟವರೂ ಬನ್ನಿ. ಮೊದಲೇ ಅರ್ಜಿ ಕೊಟ್ಟು ಸುಮ್ಮನೆ ಕೂತವರು ತಪ್ಪದೆ ಬನ್ನಿ! ಉತಾರ, ರೇಶನ್ ಕಾರ್ಡು, ಪಾಸ್‌ಬುಕ್ಕು, ಸಾಲದ ಕಾಗದ, ತೆಗೆದ ಫೋಟೊ ತನ್ನಿ. ಉತಾರದಲ್ಲಿ ಸತ್ತವರ ಹೆಸರಿದ್ದರೆ ಮರಣ ಪತ್ರವನ್ನೂ ತನ್ನಿ. ನಡೆಯಲಾಗದ ಮುದುಕರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬನ್ನಿ. ಅರ್ಜಿ ಬರೆದುಕೊಡಲು ಕಾಲೇಜು ಓದುವ ನಮ್ಮ ಮಕ್ಕಳು ಹಾಳೆ, ಪೆನ್ನು ಹಿಡಿದು ಕೂತಿರುತ್ತಾರೆ. ಅಲ್ಲಿಂದ ಎಲ್ಲರೂ ಒಟ್ಟಿಗೆ ಹಾನಗಲ್ಲಿನ ತಹಶೀಲ್ದಾರ ಕಚೇರಿಗೆ!

— ಮನೆ ಬಿದ್ದ ನಾವು, ತಿಳವಳ್ಳಿ