ಹಳೆಯದನ್ನೇ ನುಡಿಸಿ ಎನ್ನುವ 'ಪ್ರೋಗ್ರೆಸಿವ್' ಮಂದಿ

ಇಂಗ್ಲೆಂಡಿನ 'ಯೆಸ್' ತಂಡ ಪ್ರವಾಸ ಹೊರಟಾಗಲೆಲ್ಲ ಅದರ ಅಭಿಮಾನಿಗಳ ನಡುವೆ ಒಂದು ಜಗಳ ತಪ್ಪದೆ ಏಳುತ್ತದೆ. ಏನು ನುಡಿಸುತ್ತಾರೆ, ಏನು ಬಿಡುತ್ತಾರೆ, ಕೊನೆಗೆ ಯಾವುದು? ಸೆಟ್‌ಲಿಸ್ಟ್ ಎನ್ನುವ ಆ ಒಂದು ಪುಟದ ಪಟ್ಟಿಯ ಮೇಲೆ ನಡೆಯುವ ವಾಗ್ವಾದವನ್ನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ಪ್ರಬಂಧದ ಅಧ್ಯಾಯ ಬರೆಯಬೇಕಾಗಿದ್ದ ಎಷ್ಟೋ ರಾತ್ರಿಗಳು ಅದಕ್ಕೇ ಹೋಗಿವೆ. ತಾವು ಕೇಳುವ ಸಂಗೀತ 'ಪ್ರೋಗ್ರೆಸಿವ್' ಎಂದು ಎದೆ ತಟ್ಟಿಕೊಳ್ಳುವ ಈ ಮಂದಿಯಷ್ಟು ಸಂಪ್ರದಾಯಸ್ಥ ಕೇಳುಗರನ್ನು ನಾನು ರಾಕ್ ಸಂಗೀತದಲ್ಲಿ ಬೇರೆಲ್ಲೂ ಕಂಡಿಲ್ಲ.

ಕನ್ನಡದಲ್ಲಿ ಪ್ರಗತಿಶೀಲ ಎಂದರೆ ಅನಕೃ, ನಿರಂಜನ, ಕಟ್ಟೀಮನಿ ಕಣ್ಣ ಮುಂದೆ ಬರುತ್ತಾರೆ. ಪ್ರೋಗ್ರೆಸಿವ್ ರಾಕ್‌ನಲ್ಲಿ ಆ ಪದದ ಅರ್ಥ ಬೇರೆ. ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟನ್ನು ಒಡೆದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ, ಜಾಜ್‌ನಿಂದ, ಸಿಕ್ಕಲ್ಲಿಂದ ಸಿಕ್ಕಿದ್ದನ್ನು ಎಳೆದುತಂದು ಇಪ್ಪತ್ತು ನಿಮಿಷದ ರಚನೆಗಳನ್ನು ಕಟ್ಟುವುದು. ಒಂದು ಆಲ್ಬಂನಲ್ಲಿ ಮಾಡಿದ್ದನ್ನು ಮುಂದಿನದರಲ್ಲಿ ಮಾಡದಿರುವುದು. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಯೆಸ್ ಈ ಹಟದ ದೊಡ್ಡ ಉದಾಹರಣೆ.

ಅಭಿಮಾನಿಗಳಲ್ಲಿ ಮುಖ್ಯವಾಗಿ ಎರಡು ಬಣ. ಮೊದಲನೆಯವರಿಗೆ 'ರೌಂಡಬೌಟ್' ಬೇಕು, 'ಸ್ಟಾರ್‌ಶಿಪ್ ಟ್ರೂಪರ್' ಬೇಕು, 1983ರ 'ಓನರ್ ಆಫ್ ಎ ಲೋನ್ಲಿ ಹಾರ್ಟ್' ಬೇಕು. ಕೇಳಿ, ಹಾಡಿ, ಮನೆಗೆ ಹೋಗಬೇಕು. ಎರಡನೆಯವರು ಇವರನ್ನು ಕಂಡರೆ ಮೂಗು ಮುರಿಯುತ್ತಾರೆ. ಅವರಿಗೆ ಬೇಕಾದದ್ದು 'ದ ಗೇಟ್ಸ್ ಆಫ್ ಡಿಲಿರಿಯಮ್', 'ಅವೇಕನ್', 'ರಿಚುಯಲ್'. ತಂಡ ಜನಪ್ರಿಯತೆಗೆ ಜೋತುಬಿದ್ದಿದೆ, ಧೈರ್ಯ ಕಳೆದುಕೊಂಡಿದೆ ಎಂಬುದು ಇವರ ದೂರು. ಜಾನ್ ಆಂಡರ್ಸನ್ ಇಲ್ಲದ ಮೇಲೆ ಅದು ಯೆಸ್ಸೇ ಅಲ್ಲ ಎನ್ನುವ ಮೂರನೆಯ ಬಣವೂ ಇದೆ. ಪಟ್ಟಿ ಏನಿದ್ದರೂ ಅವರು ಒಪ್ಪುವುದಿಲ್ಲವಾದ್ದರಿಂದ ಅವರನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ತಕರಾರು ಎರಡನೆಯ ಬಣದ ಮೇಲೆ. ಮೊದಲನೆಯವರು ಕನಿಷ್ಠ ಪ್ರಾಮಾಣಿಕರು. ನೆನಪಿಗೆ ದುಡ್ಡು ಕೊಟ್ಟಿದ್ದೇವೆ, ನೆನಪನ್ನೇ ಕೊಡಿ ಎನ್ನುತ್ತಾರೆ. ಎರಡನೆಯವರು ಅದೇ ಹಂಬಲಕ್ಕೆ ವಿಮರ್ಶೆಯ ಅಂಗಿ ತೊಡಿಸಿ ಧೈರ್ಯ ಎಂದು ಹೆಸರಿಡುತ್ತಾರೆ. ಅವರು ಕೇಳುವ ಹಾಡುಗಳನ್ನು ಒಟ್ಟಿಗೆ ಇಟ್ಟು ನೋಡಿ. 'ಕ್ಲೋಸ್ ಟು ದ ಎಡ್ಜ್', 'ಗೇಟ್ಸ್', 'ಅವೇಕನ್', 'ರಿಚುಯಲ್', 'ಹಾರ್ಟ್ ಆಫ್ ದ ಸನ್‌ರೈಸ್', 'ಆ್ಯಂಡ್ ಯೂ ಆ್ಯಂಡ್ ಐ', ಜೊತೆಗೆ ಬಿಡಲಾಗದ 'ರೌಂಡಬೌಟ್' ಮತ್ತು 'ಸ್ಟಾರ್‌ಶಿಪ್ ಟ್ರೂಪರ್'. ಆಲ್ಬಂಗಳಲ್ಲಿರುವ ಅವಧಿಯನ್ನು ಕೂಡಿಸಿದರೆ ಈ ಎಂಟಕ್ಕೇ ಸುಮಾರು 116 ನಿಮಿಷ. ಎರಡು ಗಂಟೆಯ ಕಛೇರಿ ಅಲ್ಲಿಗೆ ಮುಗಿಯಿತು. ಎಂಟೂ 1971ರಿಂದ 1977ರ ಒಳಗಿನವು. ಅರ್ಧ ಶತಮಾನಕ್ಕೂ ಮಿಕ್ಕಿದ ಬಾಳಿನಲ್ಲಿ ಆರೇಳು ವರ್ಷ ಮಾತ್ರ ಬದುಕಿದ್ದಿರಿ, ಉಳಿದದ್ದು ಉಸಿರಾಟ ಎಂದು ಒಬ್ಬ ಕಲಾವಿದನ ಮುಖಕ್ಕೆ ಹೇಳುವುದು ಧೈರ್ಯದ ಮಾತೇ?

ಆ ಆರೇಳು ವರ್ಷಗಳಲ್ಲಿ ತಂಡ ಏನು ನುಡಿಸುತ್ತಿತ್ತು ಎಂದು ಈ ಭಕ್ತರು ಕೇಳಿಕೊಳ್ಳುವುದೇ ಇಲ್ಲ. ಉತ್ತರ ಅವರ ಕಪಾಟಿನಲ್ಲೇ ಇದೆ. 2015ರಲ್ಲಿ 'ಪ್ರೊಜೆನಿ' ಎಂಬ ಹದಿನಾಲ್ಕು ಸಿಡಿಗಳ ಪೆಟ್ಟಿಗೆ ಬಂತು. 1972ರ ಅಕ್ಟೋಬರ್ ಕೊನೆ ಮತ್ತು ನವೆಂಬರಿನಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ಏಳು ಕಛೇರಿಗಳ ಪೂರ್ತಿ ಧ್ವನಿಮುದ್ರಣ. ಏಳರಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ! ಪಟ್ಟಿ ಬದಲಾಗಿಲ್ಲ ಎಂದು ಇವತ್ತು ಸಿಡುಕುವವರು ಒಂದೇ ಪಟ್ಟಿಯನ್ನು ಏಳು ಸಲ ದುಡ್ಡು ಕೊಟ್ಟು ಕೊಂಡರು, ಸಂತೋಷಪಟ್ಟರು. ಪಡಬೇಕಾದದ್ದೇ, ಏಕೆಂದರೆ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿದ್ದದ್ದು ನುಡಿಸುವ ರೀತಿ. ಡ್ರಮ್ಸ್ ನುಡಿಸುತ್ತಿದ್ದ ಬಿಲ್ ಬ್ರೂಫರ್ಡ್ ಆಗಷ್ಟೇ ತಂಡ ಬಿಟ್ಟಿದ್ದ. ಅವನ ಜಾಗಕ್ಕೆ ಬಂದ ಅಲನ್ ವೈಟ್ ಆ ಜಟಿಲ ಲೆಕ್ಕಾಚಾರಗಳನ್ನು ಕೈಗೆ ಒಗ್ಗಿಸಿಕೊಳ್ಳುತ್ತಿರುವುದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ.

ಆ ಪಟ್ಟಿಯ ವಯಸ್ಸನ್ನೂ ನೋಡಿ. ಆ ಸೆಪ್ಟೆಂಬರಿನಲ್ಲಷ್ಟೇ ಬಂದಿದ್ದ 'ಕ್ಲೋಸ್ ಟು ದ ಎಡ್ಜ್' ಆಲ್ಬಂನ ಮೂರೂ ಹಾಡುಗಳಿವೆ. ಹಿಂದಿನ ವರ್ಷದ 'ಫ್ರ್ಯಾಜೈಲ್' ಮತ್ತು 'ದ ಯೆಸ್ ಆಲ್ಬಂ'ನಿಂದ ಕೆಲವು. ರಿಕ್ ವೇಕ್‌ಮನ್‌ನ ಸ್ವಂತ ಆಲ್ಬಂನ ತುಣುಕುಗಳು. ಅದಂತೂ ಅಂಗಡಿಗೇ ಬಂದಿರಲಿಲ್ಲ. ತಂಡದ ರಚನೆಗಳಲ್ಲಿ ಎರಡು ವರ್ಷ ತುಂಬಿದ್ದು ಒಂದೂ ಇಲ್ಲ. ಇವರು ಸುವರ್ಣಯುಗ ಎಂದು ಪೂಜಿಸುವುದು ಹಳೆಯದನ್ನು ನುಡಿಸದ ಒಂದು ತಂಡವನ್ನು.

ಮುಂದಿನ ವರ್ಷದ್ದು ಇನ್ನೂ ವಿಚಿತ್ರ. ಪರಮಹಂಸ ಯೋಗಾನಂದರ 'ಯೋಗಿಯ ಆತ್ಮಕಥೆ'ಯನ್ನು ಆಂಡರ್ಸನ್ ಓದುತ್ತಿದ್ದ. ಅದರ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ವಿವರಣೆಯಿದೆ. ಆ ಅಡಿಟಿಪ್ಪಣಿಯಿಂದ ಹುಟ್ಟಿದ್ದು ಎರಡು ಎಲ್‌ಪಿಗಳ, ನಾಲ್ಕು ಬದಿಗಳ, ನಾಲ್ಕೇ ಹಾಡುಗಳ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್'. (ಅಡಿಟಿಪ್ಪಣಿಗಳನ್ನು ಯಾರೂ ಓದುವುದಿಲ್ಲ ಎಂದು ಕೊರಗುವ ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೇ?) 1973ರ ನವೆಂಬರಿನಲ್ಲಿ ಬ್ರಿಟನ್ ಪ್ರವಾಸ ಶುರುವಾದಾಗ ಆಲ್ಬಂ ಇನ್ನೂ ಹೊರಬಂದಿರಲಿಲ್ಲ. ಸಭಿಕರು ಒಮ್ಮೆಯೂ ಕೇಳಿರದ ಎಂಬತ್ತು ನಿಮಿಷದ ಸಂಗೀತವನ್ನು ತಂಡ ಅವರ ಮುಂದೆ ಸುರಿಯಿತು. ಹಲವರು ಬೇಸತ್ತರು. ವೇಕ್‌ಮನ್‌ಗೇ ಅದು ಹಿಡಿಸಲಿಲ್ಲ. ಮ್ಯಾಂಚೆಸ್ಟರಿನಲ್ಲಿ ವೇದಿಕೆಯ ಮೇಲೆ ಕೀಬೋರ್ಡುಗಳ ನಡುವೆ ಕೂತೇ ಚಿಕನ್ ಕರಿ ತಿಂದ ಕಥೆಯನ್ನು ಅವನು ಈಗಲೂ ಹೇಳಿ ನಗಿಸುತ್ತಾನೆ. 1974ರಲ್ಲಿ ತಂಡವನ್ನೇ ಬಿಟ್ಟ.

ನಲವತ್ತು ವರ್ಷ ದಾಟಿದ ಮೇಲೆ, 2016ರಲ್ಲಿ, ತಂಡ ಅದೇ ಆಲ್ಬಂನ ಮೊದಲ ಮತ್ತು ಕೊನೆಯ ಬದಿಗಳನ್ನು ಅಮೆರಿಕದಲ್ಲಿ ನುಡಿಸಿದಾಗ ಇದೇ ರಸಿಕರು ಎಂಥ ಸಾಹಸ ಎಂದು ಕೊಂಡಾಡಿದರು. ಜೊತೆಗೆ ನುಡಿಸಿದ್ದು 1980ರ 'ಡ್ರಾಮಾ' ಆಲ್ಬಂ ಪೂರ್ತಿ. ಆಂಡರ್ಸನ್ ಜಾಗದಲ್ಲಿ ಹಾಡಿದ ತಪ್ಪಿಗೆ ಟ್ರೆವರ್ ಹಾರ್ನ್ ಅಂದು ಬ್ರಿಟನ್ನಿನ ಸಭೆಗಳಲ್ಲಿ ಕೂಗಾಟ ಎದುರಿಸಿದ್ದ. ಅಂದು ಹೊಸದಾಗಿದ್ದಾಗ ಸಹಿಸಲಾಗದ್ದು ಹಳತಾದ ಮೇಲೆ ಸಾಹಸವಾಯಿತು. ಸಂಗೀತದಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಅಪಾಯ ಮಾತ್ರ ಸೋರಿಹೋಗಿತ್ತು. 'ಅಪರೂಪದ ಹಾಡು' ಎಂದು ಇವರು ಕೇಳುವುದು ಸಾಮಾನ್ಯವಾಗಿ ಇಂಥದ್ದನ್ನೇ. ತಮಗೆ ಚೆನ್ನಾಗಿ ಗೊತ್ತಿದ್ದು ಪಕ್ಕದ ಸೀಟಿನವನಿಗೆ ಗೊತ್ತಿಲ್ಲದ್ದು.

ಹೊಸ ಹಾಡುಗಳು ಸಪ್ಪೆಯಾಗಿವೆಯಲ್ಲ ಎಂಬ ವಾದ ಬರುತ್ತದೆ. ಬರಬೇಕು, ಅದರಲ್ಲಿ ಹುರುಳಿದೆ. 2014ರ 'ಹೆವನ್ ಆ್ಯಂಡ್ ಅರ್ತ್' ಅನ್ನು ನಾನು ಸಮರ್ಥಿಸಲಾರೆ. 2021ರ 'ದ ಕ್ವೆಸ್ಟ್' ಅರ್ಧಕ್ಕೆ ನಿದ್ದೆ ತರಿಸುತ್ತದೆ. ಆದರೆ 2023ರ 'ಮಿರರ್ ಟು ದ ಸ್ಕೈ' ಆಲ್ಬಂನ ಅದೇ ಹೆಸರಿನ ಹಾಡು ಸುಮಾರು ಹದಿನಾಲ್ಕು ನಿಮಿಷದ್ದು. ಸ್ಟೀವ್ ಹೌ ಎಪ್ಪತ್ತೈದು ದಾಟಿದ ಬೆರಳುಗಳಿಂದ ಗಿಟಾರಿನಲ್ಲಿ ಕಟ್ಟುವ ಆವರಣ ಹಳೆಯ ಯಾವುದರ ನಕಲೂ ಅಲ್ಲ. ಅದೂ ಅಲ್ಲದೆ, ಇಂಥ ಸಂಗೀತ ಸ್ಟುಡಿಯೋದಲ್ಲಿ ಮುಗಿಯುವುದಿಲ್ಲ. 1973ರ 'ಯೆಸ್‌ಸಾಂಗ್ಸ್' ಎಂಬ ಲೈವ್ ಆಲ್ಬಂ ಕೇಳಿದವರಿಗೆ ಇದು ಗೊತ್ತು. ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿದ್ದ 'ಯುವರ್ಸ್ ಈಸ್ ನೋ ಡಿಸ್‌ಗ್ರೇಸ್' ಅಲ್ಲಿ ಉಬ್ಬಿ, ಹರಡಿ, ಬೇರೆಯೇ ಪ್ರಾಣಿಯಾಗಿದೆ. ಐವತ್ತು ಸಲ ನುಡಿಸಲು ಬಿಡದೆ ಹೊಸ ಹಾಡು ಬೆಳೆದಿಲ್ಲ ಎಂದು ದೂರುವುದು ಸಸಿಗೆ ನೀರು ಹಾಕದೆ ನೆರಳು ಕೇಳಿದ ಹಾಗೆ.

ತಂಡವೂ ಸಾಚಾ ಅಲ್ಲ. 2013ರಿಂದ ಇಡೀ ಇಡೀ ಹಳೆಯ ಆಲ್ಬಂಗಳನ್ನು ಕ್ರಮವಾಗಿ ನುಡಿಸುವ ಪ್ರವಾಸಗಳನ್ನು ಮಾಡಿ ಈ ಚಟ ಹತ್ತಿಸಿದ್ದು ಅವರೇ. ಮೊದಲ ಬದಿ, ಎರಡನೆಯ ಬದಿ, ಮುಗಿಯಿತು. ಮುಂದೇನು ಎಂಬ ಕುತೂಹಲಕ್ಕೆ ಜಾಗವೇ ಇಲ್ಲ. 'ಟೇಲ್ಸ್'ನ ಎಂಬತ್ತು ನಿಮಿಷವನ್ನು ಇತ್ತೀಚಿನ ಒಂದು ಪ್ರವಾಸದಲ್ಲಿ ಇಪ್ಪತ್ತು ನಿಮಿಷದ ಮಿಶ್ರಣವಾಗಿ ಕತ್ತರಿಸಿ ಬಡಿಸಿದರು. ಅದನ್ನು ಕೇಳಿ ನನಗೆ ಪರೀಕ್ಷೆಯ ಹಿಂದಿನ ದಿನ ಸಿಗುವ ಗೈಡುಗಳು ನೆನಪಾದವು.

ಹಾಗಾದರೆ ಹಳೆಯದನ್ನು ನುಡಿಸಲೇಬಾರದೇ? ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್ ಇದಕ್ಕೆ ಎರಡು ಸಲ ಉತ್ತರ ಕೊಟ್ಟಿದ್ದಾನೆ. 1981ರಲ್ಲಿ ಹೊಸಬರೊಂದಿಗೆ ಆ ಹೆಸರನ್ನು ಮತ್ತೆ ಹೊತ್ತಾಗ ಹಳೆಯದರಲ್ಲಿ ಉಳಿಸಿಕೊಂಡದ್ದು ಎರಡೇ ರಚನೆ, ಎರಡೂ ಹಾಡಿಲ್ಲದ ವಾದ್ಯಸಂಗೀತ. ಬಾಗಿಲು ಬಡಿದವರಿಗೆ ಬಾಗಿಲು ತೆರೆಯಲಿಲ್ಲ. 2014ರಿಂದ 2021ರವರೆಗೆ ಅದೇ ಫ್ರಿಪ್ ಹಳೆಯದನ್ನು ಧಾರಾಳವಾಗಿ ನುಡಿಸಿದ. ಆದರೆ ವೇದಿಕೆಯ ಮುಂಭಾಗದಲ್ಲಿ ಮೂವರು ಡ್ರಮ್ಮರ್‌ಗಳನ್ನು ಕೂರಿಸಿ, ಗಿಟಾರು ಹಿಡಿದು ತಾನು ಹಿಂದಿನ ಸಾಲಿಗೆ ಹೋಗಿ, 1969ರ ಹಾಡನ್ನು ಬಿಚ್ಚಿ ಮೂವರ ನಡುವೆ ಹಂಚಿದ. ಅಲ್ಲಿ ಹಳೆಯದು ಕೈಗೆತ್ತಿಕೊಂಡ ಕೆಲಸವಾಗಿತ್ತು. ಯೆಸ್ ಅಭಿಮಾನಿಗಳು ಇದಕ್ಕೆ ಅವಕಾಶ ಕೊಡುವುದಿಲ್ಲ. ಗತಿ ತುಸು ನಿಧಾನವಾದರೂ ಮೂಲ ಧ್ವನಿಮುದ್ರಣ ಹಿಡಿದು ಸೆಕೆಂಡು ಲೆಕ್ಕ ಹಾಕುತ್ತಾರೆ. 1947ರಲ್ಲಿ ಹುಟ್ಟಿದ ಮನುಷ್ಯ ಇಪ್ಪತ್ತೈದರಲ್ಲಿ ನುಡಿಸಿದ ವೇಗದಲ್ಲೇ ನುಡಿಸಬೇಕಂತೆ. ನಿಧಾನವಾದ 'ಆ್ಯಂಡ್ ಯೂ ಆ್ಯಂಡ್ ಐ' ಯಾಕೆ ಬೇರೆ ಹಾಡಾಗಿ ಕೇಳಬಾರದು?

ಹದಿನೇಳರಲ್ಲಿ ಕೇಳಿದ ಹಾಡನ್ನು ಎಪ್ಪತ್ತರಲ್ಲಿ ಇನ್ನೊಮ್ಮೆ ಕೇಳಲು ಬಂದವರ ಕಣ್ಣೀರನ್ನು ನಾನು ಗೇಲಿ ಮಾಡುತ್ತಿಲ್ಲ. ಕ್ರಿಸ್ ಸ್ಕ್ವೈರ್ 2015ರಲ್ಲಿ ಹೋದ, ಅಲನ್ ವೈಟ್ 2022ರಲ್ಲಿ. ಇದೇ ಕೊನೆಯ ಸಲವಿರಬಹುದು ಎಂಬ ಭಯ ನಿಜವಾದದ್ದು. ಅವರಿಗೆ 'ರೌಂಡಬೌಟ್' ಸಿಗಲಿ. ಅನಿಮೆ 'ಜೋಜೋ'ದ ಕೊನೆಯಲ್ಲಿ ಅದನ್ನು ಕೇಳಿ ಬಂದ ಹದಿನೆಂಟರ ಹುಡುಗರಿಗೂ ಸಿಗಲಿ. ಎಂಟೂವರೆ ನಿಮಿಷದ ವಿಷಯ. ಉಳಿದ ನೂರಹನ್ನೊಂದೂವರೆ ನಿಮಿಷದ ಮೇಲೆ ಹಕ್ಕು ಚಲಾಯಿಸಲು ಇವರು ಯಾರು?

ಆ ಒಂದು ಪುಟ ನನ್ನ ಕೈಗೆ ಸಿಕ್ಕರೆ 'ಮಿರರ್ ಟು ದ ಸ್ಕೈ'ಯನ್ನು ಮೊಟ್ಟಮೊದಲು ಇಡುತ್ತೇನೆ. ಹೊಸ ಹಾಡು ಎಂದು ಘೋಷಿಸಿದ ಕೂಡಲೇ ಬಿಯರ್ ಸಾಲಿಗೆ ಎದ್ದುಹೋಗುವ ರಸಿಕರಿಗೆ, ಆಗಷ್ಟೇ ಬಂದು ಕೂತವರಿಗೆ, ಅಷ್ಟು ಬೇಗ ಮತ್ತೆ ಏಳಲು ಸಂಕೋಚವಾಗುತ್ತದೆ.