ಸಣ್ಣ ದೋಷವನ್ನೂ ಮುಚ್ಚಿಡದಿದ್ದರೆ

ಮಗನೋ ಮಗಳೋ ಎಡಿಸನ್‌ನಲ್ಲಿ, ಜೆರ್ಸಿ ಸಿಟಿಯಲ್ಲಿ ಕೆಲಸದಲ್ಲಿರುವ ಮನೆಗಳಿಗೆ ನೆವಾರ್ಕ್ ಹೊಸ ಹೆಸರಲ್ಲ. ಬಾಣಂತನಕ್ಕೆ ಹೊರಟ ತಾಯಿ, ರಜೆಗೆ ಬರುವ ಮೊಮ್ಮಕ್ಕಳು, ಮದುವೆಗೆ ಓಡಿ ಬರುವ ಅಣ್ಣತಮ್ಮಂದಿರು ಹತ್ತಿ ಇಳಿಯುವ ವಿಮಾನ ನಿಲ್ದಾಣವದು. ಅಲ್ಲಿ ಇಳಿದ ವಿಮಾನವೊಂದರಲ್ಲಿ ಕಂಡ ದೋಷಕ್ಕೂ ಮಂಗಳೂರು, ಬೆಂಗಳೂರಿನಿಂದ ಹಾರುವ ವಿಮಾನಗಳಿಗೂ ನೇರ ಸಂಬಂಧವಿದೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರಲಾರದು.

2024ರ ಫೆಬ್ರುವರಿ 6ರಂದು ಬಹಾಮಾಸ್‌ನ ನಸ್ಸಾವ್‌ನಿಂದ ಹೊರಟ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 8 ವಿಮಾನ ನೆವಾರ್ಕ್‌ನಲ್ಲಿ ಇಳಿಯಿತು. ಒಳಗೆ 155 ಪ್ರಯಾಣಿಕರು, 6 ಮಂದಿ ಸಿಬ್ಬಂದಿ ಇದ್ದರು. ಚಕ್ರಗಳು ನೆಲ ಮುಟ್ಟಿದ ಮೇಲೆ ವಿಮಾನವನ್ನು ರನ್‌ವೇಯ ನಡುಗೆರೆಯಲ್ಲಿ ಹಿಡಿದಿಡಲು ಪೈಲಟ್‌ಗಳು ಕಾಲಿನ ಪೆಡಲ್ ಒತ್ತುತ್ತಾರೆ. ಬಾಲದಲ್ಲಿರುವ ರಡ್ಡರ್, ಅಂದರೆ ಚುಕ್ಕಾಣಿ, ಅದಕ್ಕೆ ತಕ್ಕಂತೆ ತಿರುಗುತ್ತದೆ. ಅಂದು ಆ ಪೆಡಲ್‌ಗಳು ಅಲುಗಾಡಲೇ ಇಲ್ಲ. ಕ್ಯಾಪ್ಟನ್ ಗಾಬರಿಯಾಗಲಿಲ್ಲ. ಮೂಗಿನ ಚಕ್ರವನ್ನು ಕೈಯಿಂದ ತಿರುಗಿಸುವ ವ್ಯವಸ್ಥೆಯನ್ನು ಬಳಸಿ ವಿಮಾನವನ್ನು ಗೆರೆಯ ಹತ್ತಿರವೇ ಇಟ್ಟುಕೊಂಡು, ವೇಗ ತಗ್ಗಿಸಿ, ರನ್‌ವೇಯಿಂದ ಹೊರಗೆ ತಂದರು. ಯಾರಿಗೂ ಪೆಟ್ಟಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಪೆಡಲ್‌ಗಳು ಏನೂ ಆಗಿಲ್ಲವೆಂಬಂತೆ ಸರಿಯಾಗಿ ಕೆಲಸ ಮಾಡತೊಡಗಿದವು.

ಈ ಕೊನೆಯ ಮಾತೇ ಮುಖ್ಯ. ದೋಷ ಬಂತು, ತಾನಾಗಿಯೇ ಹೋಯಿತು. ಪ್ರಯಾಣಿಕರಿಗೆ ಗೊತ್ತೂ ಆಗದ ಇಂಥದ್ದನ್ನು 'ಸರಿಹೋಯಿತಲ್ಲ, ಬಿಡಿ' ಎಂದು ಕೈಬಿಡುವುದು ಸುಲಭ. ಆ ಸಿಬ್ಬಂದಿ ಹಾಗೆ ಬಿಡಲಿಲ್ಲ, ವಿಷಯ ತಿಳಿಸಿದರು. ಕೆಲವೇ ದಿನಗಳ ನಂತರ ನಡೆದ ಪರೀಕ್ಷಾ ಹಾರಾಟದಲ್ಲಿ ಅದೇ ದೋಷ ಮತ್ತೆ ಕಾಣಿಸಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಕೈಗೆತ್ತಿಕೊಂಡು ಒಂದು ತಿಂಗಳಲ್ಲಿ ಪ್ರಾಥಮಿಕ ವರದಿಯನ್ನು ಎಲ್ಲರ ಮುಂದಿಟ್ಟಿತು.

ದೋಷದ ಮೂಲ ಸಿಕ್ಕಿದ್ದು ಒಂದು ಸಣ್ಣ ಬೇರಿಂಗ್‌ನಲ್ಲಿ. ದಟ್ಟ ಮಂಜಿನಲ್ಲಿ ವಿಮಾನ ತಾನಾಗಿ ಇಳಿಯುವಾಗ ರಡ್ಡರ್‌ಗೆ ನೆರವಾಗುವ ಉಪಕರಣವೊಂದಿದೆ. ಯುನೈಟೆಡ್ ಆ ಸೌಲಭ್ಯವನ್ನು ಬಳಸುತ್ತಲೂ ಇರಲಿಲ್ಲ, ಆದರೆ ಉಪಕರಣ ವಿಮಾನದಲ್ಲಿತ್ತು. ಕಾಲಿನ್ಸ್ ಏರೋಸ್ಪೇಸ್ ತಯಾರಿಸಿದ ಆ ಉಪಕರಣದ ಬೇರಿಂಗ್ ಜೋಡಣೆಯಲ್ಲಿ ತಪ್ಪಾಗಿತ್ತು. ತೇವಾಂಶ ಒಳಸೇರಿ, ಎತ್ತರದ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿದರೆ ರಡ್ಡರ್ ಬಿಗಿದುಕೊಳ್ಳುವ ಅಪಾಯವಿತ್ತು. 2024ರ ಸೆಪ್ಟೆಂಬರ್ 26ರಂದು ಮಂಡಳಿ ತುರ್ತು ಶಿಫಾರಸುಗಳನ್ನು ಹೊರಡಿಸಿತು. ಅಕ್ಟೋಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಬೋಯಿಂಗ್ 737 ಹಾರಿಸುವ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸ, ಸ್ಪೈಸ್‌ಜೆಟ್ ಸಂಸ್ಥೆಗಳಿಗೆ ಸೂಚನೆ ಕಳಿಸಿತು: ಈ ಉಪಕರಣವಿರುವ ವಿಮಾನಗಳ ಅಪಾಯವನ್ನು ಅಳೆಯಿರಿ, ಪೈಲಟ್‌ಗಳಿಗೆ ತಿಳಿಸಿ, ಅಂಥ ಸ್ವಯಂಚಾಲಿತ ಇಳಿಯುವಿಕೆಯನ್ನು ನಿಲ್ಲಿಸಿ. ನೆವಾರ್ಕ್‌ನ ಇಬ್ಬರು ಪೈಲಟ್‌ಗಳು ಬಾಯಿಬಿಟ್ಟು ಹೇಳಿದ್ದರ ಫಲ, ಮಂಗಳೂರಿನಿಂದ ಕೊಲ್ಲಿಗೆ ದುಡಿಯಲು ಹೊರಟವರ ವಿಮಾನದವರೆಗೂ ಬಂತು.

2025ರ ಅಕ್ಟೋಬರ್ 30ರಂದು ನೆವಾರ್ಕ್‌ಗೇ ಹೊರಟಿದ್ದ ಇನ್ನೊಂದು ವಿಮಾನ ಸುದ್ದಿಯಾಯಿತು. ಮೆಕ್ಸಿಕೋದ ಕ್ಯಾನ್‌ಕೂನ್‌ನಿಂದ ಬರುತ್ತಿದ್ದ ಜೆಟ್‌ಬ್ಲೂ ಸಂಸ್ಥೆಯ ಏರ್‌ಬಸ್ ಎ320 ಪೈಲಟ್‌ಗಳ ಅಪ್ಪಣೆಯಿಲ್ಲದೆ ಥಟ್ಟನೆ ಮೂಗು ತಗ್ಗಿಸಿ ಕೆಳಗಿಳಿಯಿತು. ಪೈಲಟ್‌ಗಳು ಅದನ್ನು ಹತೋಟಿಗೆ ತಂದು ಫ್ಲೋರಿಡಾದ ಟ್ಯಾಂಪಾದಲ್ಲಿ ಇಳಿಸಿದರು. ಗಾಯಗೊಂಡ ಹಲವರು ಆಸ್ಪತ್ರೆ ಸೇರಿದರು. ಸೂರ್ಯನ ತೀವ್ರ ವಿಕಿರಣದಿಂದ ನಿಯಂತ್ರಣ ಕಂಪ್ಯೂಟರಿನ ದತ್ತಾಂಶ ಕೆಡುವ ಸಾಧ್ಯತೆಯಿದೆ ಎಂದು ತಿಳಿಯುತ್ತಲೇ, ನವೆಂಬರ್ 28ರಂದು ಏರ್‌ಬಸ್ ಜಗತ್ತಿನಾದ್ಯಂತ ಸುಮಾರು 6,000 ವಿಮಾನಗಳನ್ನು ಸರಿಪಡಿಸಲು ಹೇಳಿತು. ಭಾರತದಲ್ಲೇ ಅಂಥವು ಮುನ್ನೂರಕ್ಕೂ ಹೆಚ್ಚಿದ್ದವು. ಆ ವಾರಾಂತ್ಯ ವಿಮಾನ ತಡವಾಯಿತೆಂದು ಸಿಟ್ಟಾದವರಲ್ಲಿ ನಮ್ಮವರೂ ಇದ್ದರು. ಆ ಕೆಲವು ಗಂಟೆಗಳ ಕಾಯುವಿಕೆಗೆ ಇದ್ದ ಕಾರಣ ಇದು.

ಹೇಳುವವರಿದ್ದರೆ ಸಾಲದು, ಕೇಳುವವರೂ ಇರಬೇಕು. ಇದನ್ನು ಕರಾವಳಿಯ ಜನಕ್ಕೆ ಯಾರೂ ವಿವರಿಸಬೇಕಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಂದಕಕ್ಕೆ ಬಿದ್ದಾಗ 158 ಮಂದಿ ಪ್ರಾಣ ಕಳೆದುಕೊಂಡರು, ಬದುಕಿದವರು 8 ಮಂದಿ. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದ್ದನ್ನು ತನಿಖಾ ನ್ಯಾಯಾಲಯ ದಾಖಲಿಸಿತು. ಯಂತ್ರದ ದೋಷವಿರಲಿ, ಮನುಷ್ಯರ ತಪ್ಪಿರಲಿ, ಕಿರಿಯರು ಹೇಳಿದ್ದಕ್ಕೆ ಹಿರಿಯರು ಕಿವಿಗೊಡದ ಕಡೆ ಸುರಕ್ಷತೆ ಉಳಿಯುವುದಿಲ್ಲ.

ಆದ್ದರಿಂದ ನಮ್ಮ ಆಗ್ರಹ ಸರಳ. ದೋಷ ವರದಿ ಮಾಡಿದ ಪೈಲಟ್‌ಗೆ, ರಾತ್ರಿಪಾಳಿಯಲ್ಲಿ ಬೋಲ್ಟ್ ಸಡಿಲವಿದೆ ಎಂದು ವಿಮಾನ ತಡೆದ ಎಂಜಿನಿಯರ್‌ಗೆ ಶಿಕ್ಷೆಯ ಭಯ ಇರಕೂಡದು. ಯಾರಿಗೂ ಗಾಯವಾಗದ ಘಟನೆಗಳ ತನಿಖೆಯೂ ಬೇಗ ಮುಗಿದು, ಜನರಿಗೆ ಅರ್ಥವಾಗುವ ಮಾತಿನಲ್ಲಿ ಹೊರಬರಬೇಕು. ಸಾವು ಸಂಭವಿಸಿದ ಮೇಲಷ್ಟೇ ಕಣ್ಣು ತೆರೆಯುವ ವ್ಯವಸ್ಥೆ ಯಾವ ದೇಶಕ್ಕೂ ಶೋಭೆಯಲ್ಲ.

ಮನೆಯವರು ಮಾಡಬೇಕಾದದ್ದೂ ಇದೆ. ವಿಮಾನ ತಡವಾದರೆ ಕೌಂಟರಿನಲ್ಲಿರುವ ಹುಡುಗಿಯ ಮೇಲೆ ಹರಿಹಾಯಬೇಡಿ. ಕಾರಣ ಕೇಳಿ, ದುರಸ್ತಿಗೆಂದರೆ ಕಾಯಿರಿ. ಮೊದಲ ಸಲ ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮನಿಗೆ ಒಂದು ಮಾತು ಹೇಳಿ ಕಳಿಸಿ: ದೀಪ ಆರಿದ್ದರೂ, ನಿದ್ದೆ ಬಂದರೂ, ಕುಳಿತಷ್ಟು ಹೊತ್ತು ಸೀಟ್ ಬೆಲ್ಟ್ ಬಿಚ್ಚಬೇಡಿ. ವಿಮಾನ ಥಟ್ಟನೆ ಕುಸಿದರೆ ತಲೆ ಚಾವಣಿಗೆ ಬಡಿಯದಂತೆ ಕಾಯುವುದು ಅದೊಂದೇ. ಟಿವಿಯಲ್ಲಿ 'ನೆವಾರ್ಕ್‌ನಲ್ಲಿ ವಿಮಾನಕ್ಕೆ ತೊಂದರೆ' ಎಂಬ ಸಾಲು ಓಡಿದಾಗ, ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಹಂಚುವ ಮೊದಲು ಮಕ್ಕಳ ವಿಮಾನದ ಸಂಖ್ಯೆ ನೋಡಿ. ಅದಕ್ಕಾಗಿ ಹೊರಡುವ ದಿನವೇ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.